ಬೆನ್ನೆಲುಬು ಮತ್ತು ಎದೆಗೂಡು

ಮನುಷ್ಯನನ್ನು ನೆಟ್ಟಗೆ ನಿಲ್ಲಿಸುವ ಬೆನ್ನೆಲುಬು ಒಂದೇ ಮೂಳೆಯಲ್ಲ. ಹುಟ್ಟುವಾಗ ಅದರಲ್ಲಿ ಸಾಮಾನ್ಯವಾಗಿ 33 ಕಶೇರುಮಣಿಗಳಿರುತ್ತವೆ. ಕೊರಳಿನ 7, ಎದೆಯ ಹಿಂಭಾಗದ 12, ಸೊಂಟದ 5 ಮಣಿಗಳು ಬಿಡಿಯಾಗಿಯೇ ಉಳಿಯುತ್ತವೆ. ಅವುಗಳ ಕೆಳಗಿನವು ವಯಸ್ಸಾದಂತೆ ಬೆಸೆದುಕೊಂಡು ಎರಡು ಮೂಳೆಗಳಾಗುತ್ತವೆ.

ಎದೆಯ ಮಣಿಗಳಿಂದ ಹೊರಟ 12 ಜೊತೆ ಪಕ್ಕೆಲುಬುಗಳಲ್ಲಿ ಮೇಲಿನ 7 ಜೊತೆ ಎದೆಯ ನಡುಮೂಳೆಯನ್ನು ನೇರವಾಗಿ ಸೇರುತ್ತವೆ; ಮುಂದಿನ 3 ಜೊತೆ ಮೇಲಿನ ಪಕ್ಕೆಲುಬಿನ ಮೃದ್ವಸ್ಥಿಗೆ ಅಂಟಿಕೊಳ್ಳುತ್ತವೆ; ಕೊನೆಯ 2 ಜೊತೆಯ ಮುಂತುದಿಗಳು ಬಿಡಿಯಾಗಿರುತ್ತವೆ. ಹೃದಯ, ಶ್ವಾಸಕೋಶಗಳನ್ನು ಕಾಯುವ ಈ ಗೂಡು ಉಸಿರೆಳೆದಾಗ ಹಿಗ್ಗುತ್ತದೆ.

ಮಣಿಗಳ ರಂಧ್ರಗಳು ಕೂಡಿ ಆದ ನಾಳದಲ್ಲಿ ಮೆದುಳುಬಳ್ಳಿ ಇಳಿಯುತ್ತದೆ. ಅದಕ್ಕೆ ತೀವ್ರ ಪೆಟ್ಟಾದರೆ ಕೈಕಾಲುಗಳು ಸ್ವಾಧೀನ ತಪ್ಪಬಹುದು. ಆದುದರಿಂದ ಮರದಿಂದ ಬಿದ್ದು ಬೆನ್ನು ನೊಂದವನನ್ನು ಕೈಕಾಲು ಹಿಡಿದು ಎತ್ತಬಾರದು. ಅಲುಗದಂತೆ ಮಲಗಿಸಿಯೇ ಇಟ್ಟು, ನುರಿತವರನ್ನು ಕರೆಯಬೇಕು.