ಅಮೇರಿಕೆಯ ವರ್ಣಭೇದದ ಅಭ್ಯಾಸವು ನಮಗೇಕೆ?

ಮುಂಡರಗಿಯ ಕಡೆಯ ರೈತರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಅವರ ಮಗನು ಅಮೇರಿಕಾ ಖಂಡದ ಜನಾಂಗಗಳ ಚರಿತ್ರೆಯನ್ನು ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಬಯಸಿರುವನಂತೆ. "ಕರಿ ಮಂದಿ, ಬಿಳಿ ಮಂದಿ ಜಗಳಾ ಓದಿ ನಮ್ಮ ಹುಡುಗಗ ಏನ ಸಿಗತೈತ್ರಿ?" ಎಂದು ಅವರು ಕೇಳಿದರು. ಪ್ರಶ್ನೆಯು ಯೋಗ್ಯವಾದುದು, ಉತ್ತರವೀಯುವುದು ನಮ್ಮ ಕರ್ತವ್ಯ.

ಆ ಜಗಳದಲ್ಲಿ ನಾವೂ ಕಕ್ಷಿಗಾರರೆಂಬುದನ್ನು ವಾಚಕರು ಮರೆಯಲಾಗದು. ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಯು ಅಮೇರಿಕೆಯ ಸೈನ್ಯದಲ್ಲಿ ಸೇವೆಗೈದವನು. ಆದರೂ 1923ರಲ್ಲಿ ಆ ದೇಶದ ಸರ್ವೋಚ್ಚ ನ್ಯಾಯಾಲಯವು, ಆತನು ಬಿಳಿಯನಲ್ಲವಾದುದರಿಂದ ನಾಗರಿಕತ್ವಕ್ಕೆ ಅರ್ಹನಲ್ಲವೆಂದು ತೀರ್ಪಿತ್ತಿತು. ಆತನ ಪರವಾದ ವಾದವಾದರೂ ಏನು? ತಾನು ಮೇಲ್ಜಾತಿಯ ಆರ್ಯನು, ಆದುದರಿಂದ ಬಿಳಿಯನು ಎಂಬುದು! ಅನ್ಯಾಯವನ್ನು ಅಳಿಸಿರೆಂದು ಬೇಡದೆ, ಮೇಲಿನ ಸಾಲಿನಲ್ಲಿ ತನಗೊಂದು ಮಣೆ ಹಾಕಿರೆಂದು ಬೇಡಿದಂತಾಯಿತು. ಮಣೆಯೂ ದೊರೆಯಲಿಲ್ಲ.

ಇನ್ನೊಬ್ಬ ಭಾರತೀಯನು ಅದೇ ದೇಶದಲ್ಲಿ ಬೇರೆ ಪಾಠವನ್ನು ಕಲಿತನು. ಬರೋಡೆಯ ಮಹಾರಾಜರ ವಿದ್ಯಾರ್ಥಿವೇತನದಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಸೇರಿದ ಡಾ. ಅಂಬೇಡ್ಕರರು, 1916ರ ಮೇ 9ರಂದು ಅಲ್ಲಿನ ಮಾನವಶಾಸ್ತ್ರ ಗೋಷ್ಠಿಯಲ್ಲಿ ಪ್ರಬಂಧವನ್ನೋದಿ, ಜಾತಿಯ ಜೀವಾಳವಿರುವುದು ಮೈಬಣ್ಣದಲ್ಲಲ್ಲ, ತಮ್ಮತಮ್ಮೊಳಗೇ ಮದುವೆಯಾಗುವ ಕಟ್ಟಳೆಯಲ್ಲಿ ಎಂದು ಪ್ರತಿಪಾದಿಸಿದರು. 1946ರಲ್ಲಿ ಅವರೇ ಕರಿಯರ ಹಿರಿಯ ವಿದ್ವಾಂಸರಾದ ಡ್ಯುಬಾಯ್ಸರಿಗೆ ಪತ್ರ ಬರೆದು, ಅಸ್ಪೃಶ್ಯರ ಮತ್ತು ಕರಿಯರ ಸ್ಥಿತಿಗಳು ಬಹಳ ಮಟ್ಟಿಗೆ ಒಂದೇ ಆದುದರಿಂದ ಆ ಅಭ್ಯಾಸವು ಅವಶ್ಯಕವೆಂದು ತಿಳಿಸಿದರು. ರೈತರ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೆ?

ಅಷ್ಟು ದೂರವೇಕೆ? ನಮ್ಮ ಯಲ್ಲಾಪುರ, ಹಳಿಯಾಳಗಳ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಿಕರಲ್ಲಿ ಅನೇಕರನ್ನು ಪೋರ್ತುಗೀಜರು ಆಫ್ರಿಕೆಯಿಂದ ಗೋವೆಗೆ ಗುಲಾಮರನ್ನಾಗಿ ತಂದರು. ಬ್ರೆಝಿಲ್ಲಿಗೆ ಲಕ್ಷಾಂತರ ಗುಲಾಮರನ್ನು ಸಾಗಿಸಿದವರೂ ಅದೇ ಪೋರ್ತುಗೀಜರು. ಸಿದ್ದಿಗಳು ಉತ್ತರ ಕನ್ನಡದಲ್ಲಿ ಪರಿಶಿಷ್ಟ ಪಂಗಡವೆಂದು ಗಣಿಸಲ್ಪಟ್ಟುದು 2003ರಲ್ಲಿ. ಶತಮಾನಗಳಿಂದ ನೆರೆಯವರಾಗಿರುವ ಇವರ ಚರಿತ್ರೆಯನ್ನು ಗದಗ-ಬೆಟಗೇರಿಯ ಪದವೀಧರರಲ್ಲಿ ಎಷ್ಟು ಜನ ಬಲ್ಲರು?

ಆದುದರಿಂದ ಹುಡುಗನು ಅವಶ್ಯವಾಗಿ ಓದಲಿ. ಆದರೆ ಪರರ ಮನೆಯ ಕಸವನ್ನೆಣಿಸಿ ಹಿಗ್ಗುವುದಕ್ಕಲ್ಲ. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಗಳ ಹಳ್ಳಿಗಳಿಗೆ ಮರಳಿ, ಬಾವಿಯ ಕಟ್ಟೆಯನ್ನೂ ಚಹಾದಂಗಡಿಯ ಲೋಟವನ್ನೂ ಸ್ಮಶಾನದ ಹಾದಿಯನ್ನೂ ಅದೇ ಕಣ್ಣಿನಿಂದ ಪರೀಕ್ಷಿಸಲಿ. ಕಂಡುದನ್ನು ನಿರ್ಭಯವಾಗಿ ಹೇಳಲಿ. ಅದೇ ಆತನ ನಿಜವಾದ ಪರೀಕ್ಷೆ. ಅದನ್ನು ಕೇಳುವ ಧೈರ್ಯವೇ ನಮ್ಮ ಪರೀಕ್ಷೆ.