ತಂತ್ರಾಂಶದ ಪರವಾನಿಗೆಯೂ ನಮ್ಮ ಕಚೇರಿಗಳ ದಫ್ತರವೂ

ಹುಬ್ಬಳ್ಳಿ-ಧಾರವಾಡಗಳ ಯಾವದಾದರೊಂದು ಹಳೆಯ ಕಚೇರಿಯೊಳಗೆ ಕಾಲಿಟ್ಟು ನೋಡಿದರೆ ಕುರ್ಚಿಯ ಬೆನ್ನಿನ ಮೇಲೂ ಕಪಾಟಿನ ಬದಿಗೂ ಬಿಳಿಯ ಬಣ್ಣದಿಂದ ಬರೆದ ಒಂದೊಂದು ಅಂಕಿಯು ಕಾಣಿಸುವದು. ಅದು ಡೆಡ್ ಸ್ಟಾಕ್ ರಜಿಸ್ಟರಿನ ಅಂಕಿ. ಕಾಲು ಮುರಿದ ಸ್ಟೂಲು ಸಹ ಮೇಲಧಿಕಾರಿಯ ರುಜುವಿಲ್ಲದೆ ಆ ರಜಿಸ್ಟರಿನಿಂದ ಹೊರಬೀಳಲಾರದು. ಇದು ಸ್ತುತ್ಯವಾದ ಪದ್ಧತಿ. ಆದರೆ ಅದೇ ಕಚೇರಿಯ ಗಣಕಯಂತ್ರಗಳೊಳಗೆ ಕುಳಿತು ಸಂಬಳದ ಪಟ್ಟಿಯನ್ನೂ ತೆರಿಗೆಯ ಲೆಕ್ಕವನ್ನೂ ಮಾಡುತ್ತಿರುವ ತಂತ್ರಾಂಶಗಳು ಎಷ್ಟು, ಅವನ್ನು ಯಾವ ಕರಾರಿನ ಮೇಲೆ ತರಲಾಗಿದೆ, ಆ ಕರಾರು ಎಂದಿಗೆ ತೀರುವದು ಎಂದು ಕೇಳಿದರೆ, ಥಟ್ಟನೆ ಉತ್ತರ ಕೊಡುವವರು ವಿರಳ. ಸ್ಟೂಲಿಗಿರುವ ಲೆಕ್ಕವು ಅದಕ್ಕಿಂತ ಎಷ್ಟೋ ಪಾಲು ಹೆಚ್ಚು ಬೆಲೆಯ ವಸ್ತುವಿಗೆ ಇಲ್ಲದಿರುವದು ವಿಷಾದದ ಸಂಗತಿಯೇ ಸರಿ.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣವುಂಟು. 2025ನೆಯ ಇಸವಿಯ ಅಕ್ಟೋಬರ 14ರಂದು ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸ್ 10ಕ್ಕೆ ತಾನು ಕೊಡುತ್ತಿದ್ದ ಸಾಮಾನ್ಯ ದುರಸ್ತಿಯನ್ನು ನಿಲ್ಲಿಸಿತು. ಇನ್ನೂ ದುರಸ್ತಿ ಬೇಕೆನ್ನುವ ಸಂಸ್ಥೆಗಳಿಗೆ ಅದು ಹೇಳಿದ ದರವು ಮೊದಲ ವರುಷ ಯಂತ್ರವೊಂದಕ್ಕೆ 61 ಡಾಲರು. ಎರಡನೆಯ ವರುಷ ಅದರ ಇಮ್ಮಡಿ. ಮೂರನೆಯ ವರುಷ ಮತ್ತೆ ಅದರ ಇಮ್ಮಡಿ. ಮೂರು ವರುಷಕ್ಕೆ ಒಟ್ಟು 427 ಡಾಲರು. “ಹಣ ಕೊಟ್ಟು ಕೊಂಡ ವಸ್ತುವಿಗೆ ಮತ್ತೇಕೆ ಹಣ?” ಎಂದು ಹಲವರು ನಮ್ಮನ್ನು ಕೇಳಿರುವರು. ಪ್ರಶ್ನೆಯು ಸಹಜವಾದದ್ದು, ಆದರೆ ಅದರೊಳಗೇ ಒಂದು ತಪ್ಪು ತಿಳುವಳಿಕೆಯು ಅಡಗಿದೆ. ಅವರು ವಸ್ತುವನ್ನು ಕೊಂಡೇ ಇರಲಿಲ್ಲ.

ನಮ್ಮ ಮುದ್ರಣಾಲಯದ ಮಾತನ್ನೇ ಹೇಳುವೆವು. ನಾವು ಈ ಉದ್ಯೋಗಕ್ಕೆ ಬಂದ ಹೊಸತರಲ್ಲಿ ಸೀಸದ ಅಚ್ಚುಮೊಳೆಗಳಿದ್ದವು. ತೂಕದ ಮೇಲೆ ಹಣ ಕೊಟ್ಟು ತಂದ ಬಳಿಕ ಅವು ನಮ್ಮವು. ಸವೆದರೆ ಕರಗಿಸಿ ಮತ್ತೆ ಎರಕ ಹೊಯ್ಯಿಸಬಹುದಿತ್ತು, ನೆರೆಯ ಮುದ್ರಣಾಲಯದವರು ಕೇಳಿದರೆ ಎರವಲು ಕೊಡಬಹುದಿತ್ತು. ಮುಂದೆ ಗಣಕಯಂತ್ರದ ಅಕ್ಷರಗಳು ಬಂದವು. ಅವುಗಳೊಡನೆ ಯಂತ್ರದ ಬೆನ್ನಿಗೆ ಸಿಕ್ಕಿಸುವ ಹೆಬ್ಬೆರಳಿನಷ್ಟು ದೊಡ್ಡ ಒಂದು ಬೀಗವೂ ಬಂದಿತು. ಒಂದು ಸಾಯಂಕಾಲ ಆ ಬೀಗವು ಕೆಟ್ಟಿತು. ನಾವು ಹಣ ತೆತ್ತ ಅಕ್ಷರಗಳು ತೆರೆಯ ಮೇಲೆ ಮೂಡಲೊಲ್ಲವು! ಮರುದಿನದ ಸಂಚಿಕೆಯ ಪುಟಗಳನ್ನು ಬೇರೊಬ್ಬರ ಮುದ್ರಣಾಲಯದಲ್ಲಿ ಜೋಡಿಸಿ ತರಬೇಕಾಯಿತು. ಕರಾರು ಪತ್ರವನ್ನು ನಾವು ಓದಿದ್ದು ಅಂದೇ ಮೊದಲು. ಒಂದು ಯಂತ್ರಕ್ಕೆ ಒಂದು ಬೀಗ, ಇನ್ನೊಂದು ಬೀಗಕ್ಕೆ ಇನ್ನೊಂದು ಬೆಲೆ ಎಂದು ಅದರಲ್ಲಿ ಸ್ಪಷ್ಟವಾಗಿಯೇ ಬರೆದಿತ್ತು. ಓದದೆ ರುಜು ಮಾಡಿದ ತಪ್ಪು ನಮ್ಮದಲ್ಲದೆ ಮತ್ತಾರದು?

ಖರೇದಿ ಪತ್ರಕ್ಕೂ ಲಾವಣಿ ಪತ್ರಕ್ಕೂ ಇರುವ ಭೇದವು ನಮ್ಮ ಭಾಗದ ರೈತನಿಗೆ ಚೆನ್ನಾಗಿ ತಿಳಿದಿದೆ. ಲಾವಣಿಗೆ ಹಿಡಿದವನು ಹೊಲವನ್ನು ಉಳಬಹುದು, ಮಾರಲಾರನು. ತಂತ್ರಾಂಶದ ವ್ಯವಹಾರವು ಈ ಲಾವಣಿಯ ಜಾತಿಗೆ ಸೇರಿದ್ದು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯದೆಯು ಗಣಕಯಂತ್ರದ ಕ್ರಮವಿಧಿಯನ್ನು ಸಾಹಿತ್ಯಕೃತಿಗಳ ಸಾಲಿನಲ್ಲಿ ಸೇರಿಸಿದೆ. ಇಂಥ ಪರವಾನಿಗೆಯಿಂದ ದೊರೆಯುವದೇನೆಂಬ ವಾದವು ಬೆಂಗಳೂರಿನಿಂದಲೇ ಹೊರಟು ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಪರದೇಶದ ತಂತ್ರಾಂಶಕ್ಕೆ ಕೊಡುವ ಹಣವು ರಾಯಧನವೇ ಆಗುವದೆಂದು ಕರ್ನಾಟಕ ಹೈಕೋರ್ಟು 2011ರಲ್ಲಿ ತೀರ್ಪಿತ್ತಿತ್ತು. ಎಂಜಿನಿಯರಿಂಗ್ ಅನಾಲಿಸಿಸ್ ಸೆಂಟರ್ ಪ್ರಕರಣದಲ್ಲಿ 2021ರ ಮಾರ್ಚ 2ರಂದು ಸುಪ್ರೀಂ ಕೋರ್ಟು ಇದನ್ನು ಒಪ್ಪಲಿಲ್ಲ. ಬಳಸುವವನಿಗೆ ಬಳಕೆಯ ಹಕ್ಕು ಮಾತ್ರ ಬರುವದು, ಕೃತಿಸ್ವಾಮ್ಯದ ಯಾವ ಅಂಶವೂ ಬರುವದಿಲ್ಲ. ಆದುದರಿಂದ ಆ ಹಣವು ರಾಯಧನವಲ್ಲ ಎಂದು ಅದು ನಿರ್ಣಯಿಸಿತು. ವಾದವು ತೆರಿಗೆಯದಾದರೂ ಅದರ ತಿರುಳನ್ನು ಪ್ರತಿಯೊಬ್ಬ ಅಧಿಕಾರಿಯೂ ನೆನಪಿನಲ್ಲಿಡತಕ್ಕದ್ದು.

ಇನ್ನು ಈ ಲಾವಣಿಯ ಬಗೆಗಳನ್ನು ವಿಚಾರಿಸೋಣ. ಮೊದಲನೆಯದು, ಯಂತ್ರದೊಡನೆ ಬಂದು ಸಾಮಾನ್ಯವಾಗಿ ಯಂತ್ರದೊಡನೆಯೇ ಸಾಯುವ ಪರವಾನಿಗೆ. ಅದನ್ನು ಕಿತ್ತು ಹೊಸ ಯಂತ್ರಕ್ಕೆ ಹಾಕಲು ಬಾರದು. ಎರಡನೆಯದು ಶಾಶ್ವತ ಪರವಾನಿಗೆ. ಇಲ್ಲಿ ಬಳಕೆಯ ಹಕ್ಕು ಶಾಶ್ವತವೇ ಹೊರತು ದುರಸ್ತಿಯಲ್ಲ. ವಿಂಡೋಸ್ 10ರ ಗೊಂದಲವೆಲ್ಲ ಈ ಭೇದವನ್ನು ತಿಳಿಯದ್ದರಿಂದ ಹುಟ್ಟಿದ್ದು. ಮೂರನೆಯದು ಚಂದಾ ಪದ್ಧತಿ. ಇದು ಪತ್ರಿಕೆಯ ವಾಚಕರಿಗೆ ಪರಿಚಿತವೆಂದು ತೋರಬಹುದು. ಆದರೆ ನಮ್ಮ ಪತ್ರಿಕೆಯ ಚಂದಾ ನಿಲ್ಲಿಸಿದವರ ಮನೆಯಿಂದ ಹಳೆಯ ಸಂಚಿಕೆಗಳನ್ನು ನಾವು ಹೊತ್ತು ತರುವದಿಲ್ಲ! ತಂತ್ರಾಂಶದ ಚಂದಾ ನಿಂತರೆ, ನಿನ್ನೆ ನೀವೇ ಕಟ್ಟಿದ ಪುಟವನ್ನು ಇಂದು ಆ ತಂತ್ರಾಂಶದಲ್ಲಿ ತಿದ್ದಲು ಬಾರದಂತಾಗುವದು. ಪುಟ ಕಟ್ಟುವ ತಂತ್ರಾಂಶಗಳ ಅಡೋಬಿ ಕಂಪನಿಯು 2013ರಿಂದ ಈ ದಾರಿಯನ್ನು ಹಿಡಿಯಿತು. ನಾಲ್ಕನೆಯದು, ವಿದ್ಯುತ್ ಮೀಟರಿನಂತೆ ಬಳಸಿದಷ್ಟಕ್ಕೆ ಬಿಲ್ಲು ಕೊಡುವದು. ದೀಪ ಆರಿಸುವದನ್ನು ಮರೆತವನಿಗೆ ಇಲ್ಲಿ ಕ್ಷಮೆಯಿಲ್ಲ.

ಬಗೆಯನ್ನು ತಿಳಿದರೆ ಸಾಲದು, ಎಣಿಕೆಯ ಮಾನವನ್ನೂ ತಿಳಿಯಬೇಕು. ಹಣ ಪೋಲಾಗುವದು ಹೆಚ್ಚಾಗಿ ಇಲ್ಲಿಯೇ. ಒಂದು ಬಸ್ ಡಿಪೋದಲ್ಲಿ 10 ಯಂತ್ರಗಳಿದ್ದು ಮೂರು ಪಾಳಿಗಳಲ್ಲಿ 30 ಜನರು ಅವುಗಳ ಮೇಲೆ ಕೆಲಸ ಮಾಡುವರೆಂದು ಇಟ್ಟುಕೊಳ್ಳೋಣ. ತಲೆಯೆಣಿಕೆಯ ಪರವಾನಿಗೆಯಾದರೆ 30 ಬೇಕು. ಯಂತ್ರದೆಣಿಕೆಯದಾದರೆ 10 ಸಾಕು. ಬೇರೊಂದು ಕಚೇರಿಯಲ್ಲಿ 10 ಜನ ಅಧಿಕಾರಿಗಳ ಹತ್ತಿರ ಮೇಜಿನ ಯಂತ್ರ, ಲ್ಯಾಪ್‌ಟಾಪು, ಮೊಬೈಲು ಎಂದು ತಲಾ ಮೂರು ಇದ್ದರೆ ಲೆಕ್ಕವು ತಿರುವುಮುರುವಾಗುವದು. ದೊಡ್ಡ ಸರ್ವರುಗಳಲ್ಲಿಯಂತೂ ಯಂತ್ರದ ಮಿದುಳಿನೊಳಗಿನ ಕೋರುಗಳನ್ನು ಎಣಿಸುವ ರೂಢಿಯುಂಟು. 8 ಕೋರಿನ ಹಳೆಯ ಸರ್ವರನ್ನು ತೆಗೆದು 32 ಕೋರಿನದನ್ನು ಇಟ್ಟರೆ, ಕೆಲಸವು ಅಷ್ಟೇ ಇದ್ದರೂ ಪರವಾನಿಗೆಯ ಋಣವು ನಾಲ್ಮಡಿಯಾಗಬಹುದು. ಯಂತ್ರ ಖರೀದಿಯ ಟಿಪ್ಪಣಿಯಲ್ಲಿ ಈ ಮಾತನ್ನು ಬರೆಯುವವರಾರು?

ಅದರ ಮೇಲೆ, ಒಡೆಯನು ಕರಾರಿನ ಮಾನವನ್ನೇ ನಡುದಾರಿಯಲ್ಲಿ ಬದಲಿಸುವದುಂಟು. ಒರಾಕಲ್ ಕಂಪನಿಯು 2023ರ ಜನೇವರಿಯಲ್ಲಿ ತನ್ನ ಜಾವಾ ಚಂದಾವನ್ನು ಬಳಸುವವರ ಮೇಲಲ್ಲ, ಸಂಸ್ಥೆಯ ಎಲ್ಲ ನೌಕರರ ತಲೆಯ ಮೇಲೆ ಎಣಿಸತೊಡಗಿತು. ಸಣ್ಣ ಸಂಸ್ಥೆಗೆ ಆಗ ಗೊತ್ತುಮಾಡಿದ ದರವು ತಲೆಗೆ ತಿಂಗಳಿಗೆ 15 ಡಾಲರು. ನೂರು ನೌಕರರ ಸಂಸ್ಥೆಯಲ್ಲಿ ಐವರೇ ಅದನ್ನು ಬಳಸಿದರೂ ಆ ದರದಂತೆ ವರುಷಕ್ಕೆ 18,000 ಡಾಲರು ತೆರಬೇಕು. ಅದೇ ವರುಷದ ನವಂಬರದಲ್ಲಿ ವಿಎಂವೇರ್ ಕಂಪನಿಯನ್ನು ಕೊಂಡ ಬ್ರಾಡ್‌ಕಾಮ್ ಕಂಪನಿಯು ಡಿಸೆಂಬರದಲ್ಲಿ ಅದರ ಶಾಶ್ವತ ಪರವಾನಿಗೆಗಳ ಮಾರಾಟವನ್ನು ನಿಲ್ಲಿಸಿ ಎಲ್ಲವನ್ನೂ ಚಂದಾಕ್ಕೆ ತಿರುಗಿಸಿತು. ಪರರ ಒಂದು ಪ್ರಕಟನೆಯಿಂದ ನಮ್ಮ ಅಂದಾಜುಪತ್ರಿಕೆಯು ಬುಡಮೇಲಾಗುವದಾದರೆ, ಅದನ್ನು ಪರಾವಲಂಬನವೆನ್ನದೆ ಮತ್ತೇನೆನ್ನಬೇಕು?

ಕರಾರು ಮೀರಿದವನ ಗತಿಯೇನು? ಕಾಯದೆಯ 63ಬಿ ಕಲಮಿನಂತೆ, ಕಳ್ಳಪ್ರತಿಯನ್ನು ತಿಳಿದೂ ತಿಳಿದು ಗಣಕಯಂತ್ರದಲ್ಲಿ ಬಳಸುವದು ಅಪರಾಧ. ಏಳು ದಿವಸಗಳಿಗೆ ಕಡಿಮೆಯಿಲ್ಲದೆ ಮೂರು ವರುಷಗಳವರೆಗೆ ಸೆರೆವಾಸ, 50,000 ರೂಪಾಯಿಗೆ ಕಡಿಮೆಯಿಲ್ಲದೆ ಎರಡು ಲಕ್ಷದವರೆಗೆ ದಂಡ. ವ್ಯಾಪಾರಕ್ಕಾಗಲಿ ಲಾಭಕ್ಕಾಗಲಿ ಅಲ್ಲದ ಬಳಕೆಗೆ ಕೋರ್ಟು ಸೆರೆವಾಸವನ್ನು ಬಿಡಬಹುದು; ದಂಡವನ್ನು 50,000ದ ಒಳಗೆ ಹಾಕಬಹುದು. ಕಳವಿನ ಉದ್ದೇಶವಿಲ್ಲದವನು ಸಹ ನಿಶ್ಚಿಂತನಲ್ಲ. ಡಿಯಾಜಿಯೋ ಎಂಬ ಮದ್ಯದ ಕಂಪನಿಯು ಎಸ್‌ಎಪಿ ತಂತ್ರಾಂಶಕ್ಕೆ ಹಣ ತೆತ್ತಿತ್ತು. ತನ್ನ ಮಾರಾಟಗಾರರೂ ಗಿರಾಕಿಗಳೂ ಬೇರೊಂದು ತಂತ್ರಾಂಶದ ಬಾಗಿಲಿನಿಂದ ಅದರೊಳಗಿನ ಲೆಕ್ಕವನ್ನು ಮುಟ್ಟುವ ವ್ಯವಸ್ಥೆಯನ್ನು ಮಾಡಿತು. ಎಸ್‌ಎಪಿಯು 5 ಕೋಟಿ 40 ಲಕ್ಷ ಪೌಂಡಿಗೂ ಮಿಕ್ಕಿ ಕೇಳಿತು. ಹಿತ್ತಲ ಬಾಗಿಲಿನಿಂದ ಬಂದವರಿಗೂ ಪರವಾನಿಗೆ ಬೇಕೆಂದು ಲಂಡನ್ನಿನ ಹೈಕೋರ್ಟು 2017ರ ಫೆಬ್ರುವರಿಯಲ್ಲಿ ಹೇಳಿತು. ಮೊತ್ತವನ್ನು ಮಾತ್ರ ಆಗ ನಿರ್ಧರಿಸಲಿಲ್ಲ.

ಹಾಗಾದರೆ ಮಾಡತಕ್ಕದ್ದೇನು? ಸ್ಟೂಲಿಗೆ ಮಾಡಿದ್ದನ್ನೇ ಮಾಡತಕ್ಕದ್ದು. ತಂತ್ರಾಂಶದ ಆಸ್ತಿಯನ್ನು ಹ್ಯಾಗೆ ನೋಡಿಕೊಳ್ಳಬೇಕೆಂಬದಕ್ಕೆ 2006ರಿಂದ ಐಎಸ್‌ಓ 19770 ಎಂಬ ಅಂತರರಾಷ್ಟ್ರೀಯ ಮಾನಕವೇ ಇದೆ. ಆದರೆ ಸಣ್ಣ ಕಚೇರಿಗೆ ಗೆರೆ ಎಳೆದ ಒಂದು ವಹಿಯೂ ಸಾಕು. ತಂತ್ರಾಂಶದ ಹೆಸರು, ಪರವಾನಿಗೆಯ ಬಗೆ, ಎಣಿಕೆಯ ಮಾನ, ಪಡೆದ ಸಂಖ್ಯೆ, ಹಾಕಿದ ಸಂಖ್ಯೆ, ನಿಜವಾಗಿ ಬಳಸುವವರ ಸಂಖ್ಯೆ, ಮುದತು ತೀರುವ ದಿನಾಂಕ, ಪಾವತಿಯೂ ಕರಾರು ಪತ್ರವೂ ಇರುವ ಫೈಲು. ಪಡೆದದ್ದಕ್ಕಿಂತ ಹಾಕಿದ್ದು ಹೆಚ್ಚಾದರೆ ಅದು ಕಾಯದೆಯ ಭಯ. ಪಡೆದದ್ದಕ್ಕಿಂತ ಬಳಸುವವರು ಕಡಿಮೆಯಾದರೆ ಅದು ಜನರ ಹಣದ ನಷ್ಟ. ನಿವೃತ್ತರಾದವರ ಹೆಸರಿನಲ್ಲಿ ಚಂದಾ ಕಟ್ಟುತ್ತಿರುವದು ಬೆಳಕಿಗೆ ಬರುವದೂ ಇಂಥ ವಹಿಯಿಂದಲೇ. ಮಾರುವವನು ತಪಾಸಣೆಗೆ ಬಂದಾಗ ಅವನ ಎಣಿಕೆಗೆ ಎದುರಾಗಿ ಇಡಲು ನಮ್ಮದೊಂದು ಎಣಿಕೆ ಇರಬೇಕಲ್ಲವೆ?

ಮುಕ್ತ ತಂತ್ರಾಂಶದ ದಾರಿಯೂ ಇದೆ. ನಮ್ಮ ನುಡಿಯೇ ಅದಕ್ಕೆ ಹತ್ತಿರದ ಪಾಠವನ್ನು ಕೊಟ್ಟಿದೆ. ಕೆ.ಪಿ. ರಾಯರ ಕೀಲಿಮಣೆಯ ವಿನ್ಯಾಸವನ್ನು ಸರಕಾರವು ಮಾನಕವೆಂದು ಒಪ್ಪಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯು ಸರಕಾರದ ಸಹಾಯದಿಂದ ಸಿದ್ಧವಾಗಿ ಬಿಟ್ಟಿಯಾಗಿ ಹಂಚಲ್ಪಟ್ಟಿತು. ಬೀಗ ಕೊಳ್ಳಲಾರದ ಹಳ್ಳಿಯ ಪಂಚಾಯತಿಯ ಗುಮಾಸ್ತನೂ ಇದರಿಂದ ಕನ್ನಡದಲ್ಲಿ ಬೆರಳಚ್ಚು ಮಾಡುವಂತಾಯಿತು. ಇ-ಆಡಳಿತದಲ್ಲಿ ಮುಕ್ತ ತಂತ್ರಾಂಶಕ್ಕೆ ಪ್ರಾಶಸ್ತ್ಯ ಕೊಡಬೇಕೆಂಬ ಧೋರಣೆಯನ್ನು ಭಾರತ ಸರಕಾರವು 2015ರಲ್ಲಿ ಪ್ರಕಟಿಸಿದೆ. ಆದರೆ ಬಿಟ್ಟಿ ಬೇರೆ, ಮುಕ್ತ ಬೇರೆ. ಬಿಟ್ಟಿಯಾದದ್ದರ ಮೂಲಪಾಠವು ಕೈಗೆ ಸಿಗದೆ ಇರಬಹುದು. ಮುಕ್ತವಾದದ್ದಕ್ಕೂ ಕರಾರು ಇದ್ದೇ ಇರುವದು. 1989ರಲ್ಲಿ ರಿಚರ್ಡ್ ಸ್ಟಾಲ್‌ಮನ್ನರು ಬರೆದ ಜಿಪಿಎಲ್ ಪರವಾನಿಗೆಯ ಪ್ರಕಾರ, ತಿದ್ದಿದ ಪ್ರತಿಯನ್ನು ಹಂಚುವವನು ಅದರ ಮೂಲಪಾಠವನ್ನೂ ಅದೇ ಕರಾರಿನ ಮೇಲೆ ಕೊಡತಕ್ಕದ್ದು. ಆದುದರಿಂದ ಇದಕ್ಕೂ ವಹಿಯಲ್ಲಿ ಒಂದು ಸಾಲು ಬೇಕು. ಅದನ್ನು ನಡೆಸಲು ಕಲಿತ ಒಬ್ಬ ಮನುಷ್ಯನೂ ಬೇಕು.

ನೈಋತ್ಯ ರೈಲ್ವೆ, ಹೆಸ್ಕಾಂ, ವಾಯವ್ಯ ಸಾರಿಗೆ ಸಂಸ್ಥೆಗಳ ಮುಖ್ಯ ಕಚೇರಿಗಳೂ ಮಹಾನಗರಪಾಲಿಕೆ, ವಿಶ್ವವಿದ್ಯಾಲಯಗಳೂ ಇರುವ ಅವಳಿ ನಗರವಿದು. ಅವಕ್ಕೆ ತಿಳಿದವರ ಸಲಹೆಯು ದೊರೆಯುವದು. ನಮ್ಮ ಚಿಂತೆಯಿರುವದು ಸಹಕಾರಿ ಪತ್ತಿನ ಸಂಘ, ಶಾಲೆ, ದವಾಖಾನೆ, ಮುದ್ರಣಾಲಯಗಳಂಥ ಸಣ್ಣ ಸಂಸ್ಥೆಗಳದು. ಯಂತ್ರ ಮಾರಿದವನೇ ಏನನ್ನೋ ತುಂಬಿ ಕೊಟ್ಟನೆಂದು ಸುಮ್ಮನಿರುವವರೇ ಅಲ್ಲಿ ಬಹಳ. ಅವರು ಇನ್ನೊಂದು ಪರವಾನಿಗೆಯನ್ನು ಪಡೆಯುವ ಮೊದಲು, ಇದ್ದವುಗಳನ್ನು ಒಂದು ದಿವಸ ಕುಳಿತು ಎಣಿಸಲಿ. ನಮ್ಮ ಬೀಗವು ಕೆಟ್ಟ ಮರುವಾರವೇ ನಾವು ಅಂಥದೊಂದು ವಹಿಯನ್ನು ತೆರೆದೆವು. ಮೊದಲ ಪುಟ ತುಂಬುವದರೊಳಗಾಗಿ, ಯಾರೂ ಮುಟ್ಟದ ಎರಡು ಪರವಾನಿಗೆಗಳಿಗೆ ವರುಷ ವರುಷವೂ ಹಣ ಕಟ್ಟುತ್ತಿದ್ದ ಸಂಗತಿಯು ನಮಗೆ ಗೊತ್ತಾಯಿತು.