ಮನೆ ವ್ಯಾಯಾಮಕ್ಕೆ ಪುಲ್-ಅಪ್ ಬಾರ್ ಇರಲೇಬೇಕಾ?

ಮನೆಯಲ್ಲೇ ವ್ಯಾಯಾಮ ಶುರು ಮಾಡಿದವರಿಗೆ ಒಂದೆರಡು ತಿಂಗಳಲ್ಲಿ ಈ ಪ್ರಶ್ನೆ ಬರುತ್ತದೆ. ದಂಡ, ಬಸ್ಕಿಗೆ ನೆಲವಿದ್ದರೆ ಸಾಕು, ಆದರೆ ಬೆನ್ನಿಗೆ ಏನು ಮಾಡುವುದು? ಬಾಗಿಲಿಗೆ ಪುಲ್-ಅಪ್ ಬಾರ್ ಹಾಕಿಸದಿದ್ದರೆ ಬೆನ್ನು ಬೆಳೆಯುವುದೇ ಇಲ್ಲ ಎನ್ನುವವರು ಬಹಳ. ಈ ಮಾತಿನಲ್ಲಿ ಅರ್ಧ ನಿಜವಿದೆ.

ಗುರುತ್ವಾಕರ್ಷಣೆ ನಮ್ಮನ್ನು ಕೆಳಕ್ಕೆ ಎಳೆಯುತ್ತದೆ. ಹಾಗಾಗಿ ಕೈಯಿಂದ ನೆಲವನ್ನು ತಳ್ಳಿದರೆ ಎದೆ, ಭುಜಗಳಿಗೆ ಕೆಲಸ. ಕಾಲಿನಿಂದ ತಳ್ಳಿದರೆ ತೊಡೆಗೆ ಕೆಲಸ. ಆದರೆ ನೆಲವನ್ನು ಹಿಡಿದು ಎಳೆಯಲು ಆಗುವುದಿಲ್ಲವಲ್ಲ! ಬೆನ್ನಿನ ಎರಡೂ ಬದಿಗೆ ರೆಕ್ಕೆಯಂತೆ ಹರಡಿರುವ ಲ್ಯಾಟಿಸಿಮಸ್ ಡಾರ್ಸೈ ಎಂಬ ಸ್ನಾಯುವಿನ ಮುಖ್ಯ ಕೆಲಸವೇ ತೋಳನ್ನು ಮೇಲಿನಿಂದ ಕೆಳಕ್ಕೆ, ಮುಂದಿನಿಂದ ಹಿಂದಕ್ಕೆ ಎಳೆಯುವುದು. ಬರೀ ದಂಡ-ಬಸ್ಕಿ ಮಾಡುತ್ತ ಹೋದರೆ ಇದು ಹಿಂದೆ ಬೀಳುತ್ತದೆ.

ಗರಡಿಯ ಪೈಲ್ವಾನರು ದಂಡ-ಬಸ್ಕಿಯ ಜೊತೆಗೆ ಕೆಮ್ಮಣ್ಣನ್ನು ಗುದ್ದಲಿಯಿಂದ ಅಗೆದು ಎಳೆಯುತ್ತಾರೆ, ಹಗ್ಗ ಹತ್ತುತ್ತಾರೆ. ಸೇದುವ ಬಾವಿಯಿದ್ದ ಮನೆಗಳಲ್ಲಿ ಹೆಂಗಸರು ದಿನವೂ ರಾಟೆಯ ಹಗ್ಗ ಜಗ್ಗಿ ಕೊಡಗಟ್ಟಲೆ ನೀರು ಸೇದುತ್ತಿದ್ದರು. ಜಿಮ್‌ನ ಲ್ಯಾಟ್ ಪುಲ್‌ಡೌನ್ ಯಂತ್ರ ಮಾಡಿಸುವುದು ಹೆಚ್ಚುಕಡಿಮೆ ಅದನ್ನೇ.

ಅಂದರೆ ಬೆನ್ನು ಕೇಳುವುದು ಎಳೆತವನ್ನು. ಏನನ್ನು ಎಳೆಯುತ್ತೀರಿ ಎಂಬುದು ಆಮೇಲಿನ ಮಾತು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಕೂಡ ವಯಸ್ಕರಿಗೆ ವಾರಕ್ಕೆ ಕನಿಷ್ಠ 2 ದಿನ ಎಲ್ಲ ಮುಖ್ಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಬೇಕು ಎನ್ನುತ್ತದೆಯೇ ಹೊರತು ಇಂಥದ್ದೇ ಸಲಕರಣೆ ಇರಬೇಕು ಎನ್ನುವುದಿಲ್ಲ.

ಸುಲಭದ ದಾರಿ: ಗಟ್ಟಿ ಹಿಡಿಯಿರುವ ಬ್ಯಾಗಿನಲ್ಲಿ 8-10 ಕೆ.ಜಿ. ಅಕ್ಕಿ ತುಂಬಿ. ಒಂದು ಕೈಯನ್ನು ಮಂಚದ ಮೇಲೆ ಊರಿ, ಸೊಂಟದಿಂದ ಬಾಗಿ, ಬೆನ್ನು ನೇರವಾಗಿಟ್ಟುಕೊಂಡು ಇನ್ನೊಂದು ಕೈಯಿಂದ ಬ್ಯಾಗನ್ನು ಸೊಂಟದ ಪಕ್ಕಕ್ಕೆ ಎಳೆದುಕೊಳ್ಳಿ. ಮೊಣಕೈ ಹಿಂದಕ್ಕೆ ಹೋಗಬೇಕು. ಭಾರ ಕಡಿಮೆಯಿದ್ದರೂ ಚಿಂತೆಯಿಲ್ಲ. ಇನ್ನು ಒಂದೆರಡು ಸಲಕ್ಕಿಂತ ಹೆಚ್ಚು ಎಳೆಯಲಾಗದು ಎನ್ನಿಸುವವರೆಗೆ ಮಾಡಿದರೆ ಸ್ನಾಯು ಬೆಳೆಯುತ್ತದೆ. ಸುಲಭವಾದಾಗ ಅಕ್ಕಿ ಹೆಚ್ಚಿಸಿ. ಮೇಲಿನಿಂದ ಕೆಳಕ್ಕೆ ಎಳೆಯುವುದಕ್ಕೆ ರೆಸಿಸ್ಟೆನ್ಸ್ ಬ್ಯಾಂಡ್ ಇದೆ, ಬಾರ್‌ಗಿಂತ ಅಗ್ಗ.

ಇನ್ನೊಂದು ಲೆಕ್ಕ ನೋಡಿ. ಪುಶ್-ಅಪ್‌ನಲ್ಲಿ ಕೈಗಳ ಮೇಲೆ ಬೀಳುವುದು ಮೈತೂಕದ ಸುಮಾರು ಮೂರನೇ ಎರಡು ಭಾಗ. ಪುಲ್-ಅಪ್‌ನಲ್ಲಿ ಹೆಚ್ಚುಕಡಿಮೆ ಪೂರ್ತಿ ತೂಕ. 70 ಕೆ.ಜಿ. ಇರುವವರು ಮೊದಲ ದಿನವೇ ಸುಮಾರು 70 ಕೆ.ಜಿ. ಎಳೆಯಬೇಕು! ಒಂದೂ ಆಗದೆ, ಕೊನೆಗೆ ಬಾರ್ ಬಟ್ಟೆ ಒಣಹಾಕುವುದಕ್ಕೆ ಆಗುವುದು ಇದರಿಂದಲೇ.

ಕೊಳ್ಳುವುದಾದರೆ ಮೊದಲು ಬಾಗಿಲು ನೋಡಿ. ಚೌಕಟ್ಟಿಗೆ ಸಿಕ್ಕಿಸುವ ಬಾರ್‌ಗೆ ಗೋಡೆಯಿಂದ ಹೊರಚಾಚಿದ ಗಟ್ಟಿ ಅಂಚು ಬೇಕು. ನಮ್ಮಲ್ಲಿ ಎಷ್ಟೋ ಮನೆಗಳ ಚೌಕಟ್ಟು ಗೋಡೆಯ ಸಮಕ್ಕೇ ಇರುತ್ತದೆ. ತಿರುಗಿಸಿ ಬಿಗಿಮಾಡುವ ಬಾರ್ ಬರೀ ಘರ್ಷಣೆಯ ಮೇಲೆ ನಿಂತಿರುತ್ತದೆ. ನುಣುಪು ಲ್ಯಾಮಿನೇಟ್, ಹುಳ ಹಿಡಿದ ಮರ, ಬಚ್ಚಲಿನ ಪಿವಿಸಿ ಚೌಕಟ್ಟಿಗೆ ಅದನ್ನು ಹಾಕಲೇಬೇಡಿ. ಜಾರಿದರೆ ಬೀಳುವುದು ಬೆನ್ನ ಮೇಲೋ ತಲೆಯ ಮೇಲೋ. ಬಾಡಿಗೆ ಮನೆಯಾದರೆ ಗೋಡೆ ಕೊರೆಯುವ ಮುಂಚೆ ಮಾಲೀಕರನ್ನು ಕೇಳಿ.

ಮಕ್ಕಳ ಎತ್ತರ ಹೆಚ್ಚಲೆಂದು ಬಾರ್ ತರುವವರೂ ಇದ್ದಾರೆ. ನೇತಾಡಿದರೆ ಬೆನ್ನುಮೂಳೆಯ ಡಿಸ್ಕ್‌ಗಳ ಒತ್ತಡ ಸ್ವಲ್ಪ ಹೊತ್ತು ಇಳಿಯಬಹುದು, ಮೂಳೆ ಉದ್ದವಾಗುವುದಿಲ್ಲ.

ಬಾರ್ ನಿಜಕ್ಕೂ ಬೇಕಾಗುವುದು ಪುಲ್-ಅಪ್ ಅನ್ನೇ ಮಾಡಬೇಕಾದವರಿಗೆ. ಸೇನೆಯ ಅಗ್ನಿವೀರ್ ಜನರಲ್ ಡ್ಯೂಟಿ ದೈಹಿಕ ಪರೀಕ್ಷೆಯಲ್ಲಿ 10 ಪುಲ್-ಅಪ್‌ಗೆ 40 ಅಂಕ, ಕನಿಷ್ಠ 6 ಬೇಕು. ಅಕ್ಕಿ ಬ್ಯಾಗ್ ಎಳೆದು ಅಲ್ಲಿಗೆ ಹೋದರೆ ಸಾಲದು. ಆದರೂ ಬಾರ್ ಮನೆಯಲ್ಲೇ ಇರಬೇಕೆಂದಿಲ್ಲ, ಶಾಲೆಯ ಮೈದಾನದ್ದೋ ಪಾರ್ಕಿನದ್ದೋ ಆದೀತು. ಒಂದೂ ಬಾರದವರು ಸ್ಟೂಲ್ ಹತ್ತಿ ಗದ್ದವನ್ನು ಬಾರ್‌ನ ಮೇಲಕ್ಕೆ ತಂದು, ಐದು ಸೆಕೆಂಡ್ ತೆಗೆದುಕೊಂಡು ನಿಧಾನವಾಗಿ ಇಳಿಯುವುದರಿಂದ ಆರಂಭಿಸಿ.